ಸೆನ್ಸರ್ ಒಂದು ಹೇಳುತ್ತದೆ, ಗ್ಲೂಕೋಮೀಟರ್ ಇನ್ನೊಂದು ಹೇಳುತ್ತದೆ: ಯಾವುದನ್ನು ನಂಬಬೇಕು?

ಟೈಪ್ 1 ಮಧುಮೇಹ ಇರುವ ನಾನು ತೋಳಿನ ಹಿಂಭಾಗದಲ್ಲಿ ಸದಾ ಗ್ಲೂಕೋಸ್ ಸೆನ್ಸರ್ ಹಾಕಿಕೊಂಡಿರುತ್ತೇನೆ. ಅದನ್ನು ನೋಡಿ ತಾವೂ ಹಾಕಿಸಿಕೊಂಡ ಪರಿಚಿತರು ಎರಡು ಮೂರು ದಿನಗಳೊಳಗೆ ಫೋನ್ ಮಾಡಿ ಕೇಳುವುದು ಬಹುತೇಕ ಒಂದೇ ಪ್ರಶ್ನೆ: "ಸೆನ್ಸರ್ 142 ತೋರಿಸುತ್ತಿದೆ, ಬೆರಳು ಚುಚ್ಚಿ ನೋಡಿದರೆ 171 ಇದೆ. ಇದು ಕೆಟ್ಟಿದೆಯೇ? ನಾನು ಯಾವುದನ್ನು ನಂಬಲಿ?" ಎರಡು ವಾರಕ್ಕೆ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿಕೊಂಡ ವಸ್ತು ಮೊದಲ ದಿನವೇ ಬೇರೆ ಅಂಕಿ ತೋರಿಸಿದರೆ ಕಳವಳವಾಗುವುದು ಸಹಜ, ಆದ್ದರಿಂದ ಈ ಪ್ರಶ್ನೆಗೆ ಫೋನಿನಲ್ಲಿ ಹೇಳುವುದಕ್ಕಿಂತ ಸ್ವಲ್ಪ ವಿವರವಾಗಿಯೇ ಇಲ್ಲಿ ಉತ್ತರಿಸುತ್ತೇನೆ.

ಮೊದಲು ತಿಳಿಯಬೇಕಾದದ್ದು, ಈ ಎರಡು ಸಾಧನಗಳು ಅಳೆಯುವುದು ಒಂದೇ ವಸ್ತುವನ್ನಲ್ಲ. ಗ್ಲೂಕೋಮೀಟರ್ ಬೆರಳ ತುದಿಯ ರಕ್ತದ ಸಕ್ಕರೆಯನ್ನು ನೋಡುತ್ತದೆ. ಸೆನ್ಸರಿನ ತಂತುವಾದರೋ ರಕ್ತನಾಳವನ್ನು ಮುಟ್ಟುವುದೇ ಇಲ್ಲ. ಫ್ರೀಸ್ಟೈಲ್ ಲಿಬ್ರೆಯಂಥ ಸೆನ್ಸರಿನಲ್ಲಿ ಸುಮಾರು 5 ಮಿಲಿಮೀಟರ್ ಉದ್ದವಿರುವ ಆ ಮೃದುವಾದ ಎಳೆ ಚರ್ಮದ ಕೆಳಗೆ ಜೀವಕೋಶಗಳ ನಡುವೆ ತುಂಬಿರುವ ದ್ರವದಲ್ಲಿ ಕುಳಿತಿರುತ್ತದೆ. ಎಳೆಯ ಮೇಲೆ ಲೇಪಿಸಿದ ಕಿಣ್ವ ಗ್ಲೂಕೋಸಿನೊಡನೆ ವರ್ತಿಸಿದಾಗ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ, ಆ ಪ್ರವಾಹವನ್ನೇ ಸೆನ್ಸರ್ ಲೆಕ್ಕಹಾಕಿ ಅಂಕಿಯಾಗಿ ತೋರಿಸುತ್ತದೆ. ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸಿ ಗ್ಲೂಕೋಸ್ ಅಳೆಯಬಹುದೆಂಬ ವಿಚಾರವನ್ನು ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಅಮೆರಿಕದಲ್ಲಿ 1962ರಲ್ಲೇ ಮುಂದಿಟ್ಟಿದ್ದರು. ಇಂದಿನ ಬಹುತೇಕ ಸೆನ್ಸರುಗಳೂ ಅದೇ ತತ್ತ್ವದ ಮೇಲೆಯೇ ನಡೆಯುತ್ತವೆ.

ಸಕ್ಕರೆ ಮೊದಲು ರಕ್ತಕ್ಕೆ ಬಂದು, ಅಲ್ಲಿಂದ ಈ ದ್ರವಕ್ಕೆ ಇಳಿಯಬೇಕು. ಕಾಲುವೆಗೆ ನೀರು ಬಿಟ್ಟ ಕೂಡಲೇ ಗದ್ದೆಯ ಕೊನೆಯ ಮಡಿಗೆ ಅದು ತಲುಪುವುದಿಲ್ಲ, ಕಾಲುವೆ ಕಟ್ಟಿದ ಕೂಡಲೇ ಕೊನೆಯ ಮಡಿ ಒಣಗುವುದೂ ಇಲ್ಲ. ಹಾಗೆಯೇ ಸೆನ್ಸರಿನ ಅಂಕಿ ರಕ್ತದ ಅಂಕಿಗಿಂತ ಸಾಮಾನ್ಯವಾಗಿ ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತದೆ. ಸಕ್ಕರೆ ಒಂದೇ ಮಟ್ಟದಲ್ಲಿ ನಿಂತಿದ್ದರೆ ಈ ಹಿಂದುಳಿಕೆ ಕಾಣುವುದಿಲ್ಲ. ಊಟವಾದ ಮುಕ್ಕಾಲು ಗಂಟೆಗೆ ಸಕ್ಕರೆ ನಿಮಿಷಕ್ಕೆ 2 ಅಂಕಿಗಳಂತೆ ಏರುತ್ತಿರುವಾಗ ಎರಡನ್ನೂ ಹೋಲಿಸಿದರೆ, ಹತ್ತು ನಿಮಿಷದ ವಿಳಂಬವೇ 20 ಅಂಕಿಗಳ ವ್ಯತ್ಯಾಸವನ್ನು ತಂದುಬಿಡುತ್ತದೆ, ಮತ್ತು ಅದರಲ್ಲಿ ಎರಡೂ ಸಾಧನಗಳ ತಪ್ಪು ಏನೂ ಇರುವುದಿಲ್ಲ. ಆದ್ದರಿಂದ ಹೋಲಿಸಲೇಬೇಕೆಂದರೆ ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತೋರಿಸುವ ತೆರೆಯ ಮೇಲಿನ ಬಾಣ ಅಡ್ಡಲಾಗಿ ಮಲಗಿರುವಾಗ, ಅಂದರೆ ಬೆಳಗಿನ ಉಪಾಹಾರಕ್ಕೆ ಮುಂಚೆ ಅಥವಾ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಹೋಲಿಸಬೇಕು.

ಆಗಲೂ ಎರಡೂ ಅಂಕಿಗಳು ಒಂದೇ ಆಗಿರಬೇಕೆಂದು ನಿರೀಕ್ಷಿಸಬಾರದು. ನಾವು ಅಳತೆಗೋಲೆಂದು ನಂಬುವ ಗ್ಲೂಕೋಮೀಟರಿಗೇ ಅಂತರರಾಷ್ಟ್ರೀಯ ಮಾನದಂಡ ಸಾಕಷ್ಟು ಸಡಿಲ ಕೊಟ್ಟಿದೆ: ಸಕ್ಕರೆ 100ಕ್ಕಿಂತ ಕಡಿಮೆಯಿದ್ದಾಗ 15 ಅಂಕಿಗಳಷ್ಟು, 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಶೇಕಡಾ 15ರಷ್ಟು ಆಚೀಚೆ ಇರಬಹುದು, ಅದೂ ನೂರರಲ್ಲಿ 95 ಪರೀಕ್ಷೆಗಳಲ್ಲಿ ಈ ಮಿತಿಯೊಳಗಿದ್ದರೆ ಸಾಕು. ನನ್ನ ವೈದ್ಯರು ಹೇಳಿಕೊಟ್ಟ ಲೆಕ್ಕ ನೆನಪಿಡಲು ಸುಲಭ. ಅಂಕಿ 100ರ ಒಳಗಿದ್ದರೆ 20ರಷ್ಟು ಅಂತರವನ್ನೂ, ಮೇಲಿದ್ದರೆ ಶೇಕಡಾ 20ರಷ್ಟು ಅಂತರವನ್ನೂ ಸಹಜವೆಂದು ಭಾವಿಸಬೇಕು. ಮೇಲೆ ಹೇಳಿದ 142 ಮತ್ತು 171ರ ನಡುವಿನ ಅಂತರ ಶೇಕಡಾ 17. ಆ ಸೆನ್ಸರ್ ಕೆಟ್ಟಿಲ್ಲ.

ಬೆರಳಿನ ಅಂಕಿಯೇ ತಪ್ಪಾಗಿರುವ ಸಾಧ್ಯತೆಯನ್ನು ಬಹಳ ಜನ ಯೋಚಿಸುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ಮೇ, ಜೂನ್ ತಿಂಗಳುಗಳಲ್ಲಿ ಮನೆಮನೆಯಲ್ಲೂ ಹಲಸಿನ ಹಣ್ಣು ಬಿಡಿಸುತ್ತಾರೆ. ಒಮ್ಮೆ ನಾನು ಒಂದು ತೊಳೆಯನ್ನೂ ಬಾಯಿಗೆ ಹಾಕದೆ ಮನೆಯವರಿಗೆ ಬಿಡಿಸಿಕೊಟ್ಟು, ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬೆರಳು ಚುಚ್ಚಿದಾಗ 290 ಬಂತು, ಸೆನ್ಸರಿನಲ್ಲಿ 126 ಇತ್ತು. ಸಾಬೂನು ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ ಇನ್ನೊಮ್ಮೆ ನೋಡಿದಾಗ 131. ಆ 290ನ್ನು ನಂಬಿ ಇನ್ಸುಲಿನ್ ತೆಗೆದುಕೊಂಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಕೈ ತೊಳೆಯದೆ, ಅವಧಿ ಮೀರಿದ ಸ್ಟ್ರಿಪ್ಪಿನಲ್ಲಿ ಅಥವಾ ಮುಚ್ಚಳ ತೆರೆದಿಟ್ಟು ತೇವ ಹಿಡಿದ ಸ್ಟ್ರಿಪ್ಪಿನಲ್ಲಿ ನೋಡಿದ ಅಂಕಿಯನ್ನಿಟ್ಟುಕೊಂಡು ಸೆನ್ಸರಿನ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ.

ಇನ್ನು ಸೆನ್ಸರಿನದೇ ತೊಂದರೆಗಳಿಗೆ ಬರೋಣ. ಹೊಸ ಸೆನ್ಸರ್ ಚುಚ್ಚಿದಾಗ ಅಲ್ಲಿನ ಅಂಗಾಂಶಕ್ಕೆ ಸಣ್ಣ ಗಾಯವಾಗುತ್ತದೆ, ದೇಹ ಅದನ್ನು ಹೊರಗಿನ ವಸ್ತುವೆಂದು ಗುರುತಿಸಿ ಪ್ರತಿಕ್ರಿಯಿಸುತ್ತದೆ. ಅದು ತಣಿಯುವವರೆಗೆ, ಅಂದರೆ ಮೊದಲ ಇಪ್ಪತ್ತನಾಲ್ಕು ಗಂಟೆ, ಅಂಕಿಗಳು ಏರುಪೇರಾಗಬಹುದು. ಆ ಒಂದು ದಿನ ನಾನು ಸೆನ್ಸರನ್ನು ನೋಡಿ ಇನ್ಸುಲಿನ್ ಪ್ರಮಾಣ ನಿರ್ಧರಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನಿದ್ದೆಗೆಡಿಸುವುದು ರಾತ್ರಿಯ ಸುಳ್ಳು 'ಲೋ', ಅಂದರೆ ಸಕ್ಕರೆ ತೀರಾ ಇಳಿದಿದೆ ಎಂದು ಸೆನ್ಸರ್ ತಪ್ಪಾಗಿ ತೋರಿಸುವುದು. ಸೆನ್ಸರ್ ಹಾಕಿಕೊಂಡ ಮೊದಲ ತಿಂಗಳಲ್ಲಿ ಎರಡು ರಾತ್ರಿ ಒಂದರ ಹಿಂದೊಂದರಂತೆ, ನಡುರಾತ್ರಿ ಎರಡು ಗಂಟೆಯ ಸುಮಾರಿಗೆ ಅಲಾರಂ ಹೊಡೆದುಕೊಂಡು, ತೆರೆಯ ಮೇಲೆ 52 ಎಂದು ಕಾಣಿಸಿತು. ಮೊದಲು ಎದ್ದು ಬಂದವರು ಅಮ್ಮ. "ಮಾತಾಡಬೇಡ, ಮೊದಲು ಇದನ್ನು ಕುಡಿ ಮಗಾ" ಎಂದು ಲೋಟದ ತುಂಬ ಸಕ್ಕರೆ ನೀರು ಕೊಟ್ಟರು, ನಾನು ಕುಡಿದೆ, ಬೆಳಿಗ್ಗೆ ನೋಡಿದರೆ 260 ದಾಟಿತ್ತು. ಮೂರನೆಯ ರಾತ್ರಿಯೂ ಅಲಾರಂ ಬಂದಾಗ ಮೊದಲು ಬೆರಳು ಚುಚ್ಚಿದೆ: 118. ಮೂರೂ ರಾತ್ರಿ ನಾನು ಸೆನ್ಸರ್ ಇರುವ ಎಡತೋಳಿನ ಮೇಲೆ ಮಗ್ಗುಲಾಗಿ ಮಲಗಿದ್ದೆ. ದೇಹದ ಭಾರಕ್ಕೆ ಆ ಜಾಗ ಒತ್ತಿದಾಗ ಅಲ್ಲಿಗೆ ಬರುವ ರಕ್ತ ಮತ್ತು ದ್ರವದ ಸಂಚಾರ ಕುಗ್ಗುತ್ತದೆ, ಎಳೆಯ ಸುತ್ತ ಗ್ಲೂಕೋಸ್ ಕಡಿಮೆಯಾಗುತ್ತದೆ, ಸೆನ್ಸರ್ ತನಗೆ ಕಂಡದ್ದನ್ನೇ ಹೇಳುತ್ತದೆ. ಇಂಥ ಲೋ ಬಂದಾಗ ನಕ್ಷೆಯಲ್ಲಿ ಗೆರೆ ಕಡಿದಾದ ಬಾವಿಯಂತೆ ಒಮ್ಮೆಲೇ ಇಳಿದು, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಮೊದಲಿನ ಮಟ್ಟಕ್ಕೇ ಏರಿ ನಿಲ್ಲುತ್ತದೆ. ನಿಜವಾದ ಲೋ ಸಾಮಾನ್ಯವಾಗಿ ಇಳಿಜಾರಿನಂತೆ ಇಳಿಯುತ್ತದೆ. ಈಗ ನಾನು ತೋಳಿನ ಹಿಂಬದಿಯಲ್ಲಿ, ಮಲಗಿದಾಗ ಹಾಸಿಗೆಗೆ ತಾಗದ ಜಾಗವನ್ನು ಮೊದಲೇ ಮಲಗಿ ನೋಡಿ ಗುರುತು ಮಾಡಿಕೊಂಡು ಸೆನ್ಸರ್ ಹಾಕಿಸಿಕೊಳ್ಳುತ್ತೇನೆ. ಇದನ್ನು ಓದಿದವರು ಮುಂದೆ ರಾತ್ರಿಯ ಅಲಾರಂ ಬಂದಾಗ ಒತ್ತಡದ ಲೋ ಇರಬೇಕೆಂದುಕೊಂಡು ಮಗ್ಗುಲು ಬದಲಿಸಿ ಮಲಗಿಬಿಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬೆರಳು ಚುಚ್ಚಿ ನೋಡಲೇಬೇಕು. ಗ್ಲೂಕೋಮೀಟರ್ ಕೈಗೆ ಸಿಗದಿದ್ದರೆ, ಅದು ನಿಜವಾದ ಲೋ ಎಂದೇ ತಿಳಿದು ಸಕ್ಕರೆ ತಿನ್ನಬೇಕು.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಕೈ ನಡುಗುತ್ತಿದೆ, ಬೆವರು ಇಳಿಯುತ್ತಿದೆ, ಕಣ್ಣು ಮಂಜಾಗುತ್ತಿದೆ, ಆದರೆ ಸೆನ್ಸರ್ 88 ತೋರಿಸುತ್ತಿದೆ ಎಂದರೆ ದೇಹವನ್ನೇ ನಂಬಬೇಕು, ಏಕೆಂದರೆ ಸಕ್ಕರೆ ಬೇಗಬೇಗ ಇಳಿಯುತ್ತಿರುವಾಗ ಸೆನ್ಸರ್ ಹಿಂದೆ ಉಳಿದಿರುತ್ತದೆ. ಲೋ ಆದಾಗ 15 ಗ್ರಾಂನಷ್ಟು ಬೇಗ ಕರಗುವ ಸಕ್ಕರೆ ಅಥವಾ ಗ್ಲೂಕೋಸ್ ತೆಗೆದುಕೊಂಡು ಹದಿನೈದು ನಿಮಿಷ ಕಾಯಬೇಕೆಂಬುದು ಎಲ್ಲರಿಗೂ ಹೇಳಿಕೊಡುವ ಪಾಠ. ಆ ಹದಿನೈದು ನಿಮಿಷದ ಕೊನೆಯಲ್ಲಿ ರಕ್ತದ ಸಕ್ಕರೆ ಏರಿದ್ದರೂ ಸೆನ್ಸರ್ ಇನ್ನೂ ಕೆಳಗೇ ತೋರಿಸುತ್ತಿರಬಹುದು, ಅದನ್ನು ನೋಡಿ ಗಾಬರಿಯಿಂದ ಮತ್ತೆ ಮತ್ತೆ ತಿಂದವರ ಸಕ್ಕರೆ ಗಂಟೆಯೊಳಗೆ ಮುನ್ನೂರಕ್ಕೆ ಹೋಗಿರುವುದನ್ನು ನಾನು ನೋಡಿದ್ದೇನೆ. ಚೇತರಿಕೆಯನ್ನು ಬೆರಳಿನ ರಕ್ತದಲ್ಲಿಯೇ ನೋಡುವುದು ಲೇಸು.

ಔಷಧಿಗಳ ವಿಷಯವನ್ನೂ ಮರೆಯುವಂತಿಲ್ಲ. ಕೆಲವು ರಾಸಾಯನಿಕಗಳು ಎಳೆಯ ಮೇಲೆ ಗ್ಲೂಕೋಸಿನಂತೆಯೇ ವಿದ್ಯುತ್ ಹುಟ್ಟಿಸಿ ಅಂಕಿಯನ್ನು ಸುಳ್ಳಾಗಿ ಏರಿಸುತ್ತವೆ. ಹೆಚ್ಚು ಪ್ರಮಾಣದ ವಿಟಮಿನ್ ಸಿ ಲಿಬ್ರೆ ಸೆನ್ಸರುಗಳಲ್ಲಿ ಹೀಗೆ ಮಾಡಬಹುದು, ನಮ್ಮಲ್ಲಿ ಶೀತವಾದಾಗ ಚೀಪುವ ಸಾಮಾನ್ಯ ಮಾತ್ರೆ ಒಂದರಲ್ಲೇ 500 ಮಿಲಿಗ್ರಾಂ ಇರುತ್ತದೆ. ಪ್ಯಾರಾಸಿಟಮಾಲ್ ಕೆಲವು ಬೇರೆ ಸೆನ್ಸರುಗಳ ಅಂಕಿಯನ್ನು ಏರಿಸುತ್ತದೆ. ಡೆಕ್ಸ್‌ಕಾಮ್ ಜಿ6ನಂಥವು ಆರು ಗಂಟೆಗೊಮ್ಮೆ ಒಂದು ಗ್ರಾಂವರೆಗೆ ಅದನ್ನು ತಾಳಿಕೊಳ್ಳುತ್ತವೆ. ನಿಮ್ಮ ಸೆನ್ಸರಿನ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಈ ವಿವರ ಇದ್ದೇ ಇರುತ್ತದೆ, ಅದನ್ನು ಓದಿ ವೈದ್ಯರನ್ನು ಕೇಳಬೇಕು.

ಕರಾವಳಿಯ ಸೆಕೆಯಲ್ಲಿ ಅಂಟು ಬಿಡುವುದು ದೊಡ್ಡ ಕಾಟ. ಅಂಚು ಎದ್ದರೆ ಎಳೆ ಅಲುಗಿ ಒಳಗಿನಿಂದ ಸ್ವಲ್ಪ ಹೊರಬರುತ್ತದೆ, ಆಮೇಲಿನ ಅಂಕಿಗಳಿಗೆ ಅರ್ಥವಿರುವುದಿಲ್ಲ. ಎಣ್ಣೆ ಸ್ನಾನ ಮಾಡಿದ ದಿನ ಸೆನ್ಸರ್ ಹಾಕಿಸಿಕೊಳ್ಳಲೇಬಾರದು, ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಚರ್ಮದಲ್ಲಿ ಜಿಡ್ಡು ಉಳಿದಿರುತ್ತದೆ. ಸಾದಾ ಸಾಬೂನಿನಿಂದ ತೊಳೆದು, ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆ, ಫ್ಯಾನಿನ ಕೆಳಗೆ ಬೆವರಿಲ್ಲದೆ ಕುಳಿತು ಹಾಕಿಸಿಕೊಂಡದ್ದು ನನಗೆ ಅವಧಿಯ ಕೊನೆಯವರೆಗೂ ಉಳಿದಿದೆ. ಸಿಗ್ನಲ್ ಸಿಗುತ್ತಿಲ್ಲವೆಂಬ ದೂರಿಗೆ ಬಹಳ ಸಲ ಕಾರಣ ಫೋನೇ ಆಗಿರುತ್ತದೆ: ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮುಚ್ಚಿಬಿಟ್ಟಿರುತ್ತದೆ, ಅಥವಾ ಬ್ಲೂಟೂತ್ ಆಫ್ ಆಗಿರುತ್ತದೆ.

ಇಷ್ಟನ್ನೂ ನೋಡಿದ ಮೇಲೆ, ಎರಡನೆಯ ದಿನ ಕಳೆದು, ಕೈ ತೊಳೆದು, ಬಾಣ ಅಡ್ಡಲಾಗಿರುವಾಗ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಲಿಸಿದರೂ ಅಂತರ ಶೇಕಡಾ 20ಕ್ಕಿಂತ ಹೆಚ್ಚೇ ಇದ್ದರೆ, ಆ ಸೆನ್ಸರ್ ನಿಜವಾಗಿಯೂ ದೋಷದ್ದು. ಆಗ ಕಂಪನಿಯ ಸಹಾಯವಾಣಿಗೆ ಹೇಳಿದರೆ ಬದಲಿ ಸಿಗುವ ಅವಕಾಶವಿದೆ. ಅವರು ಕೇಳುವುದು ಸೆನ್ಸರಿನ ಕ್ರಮಸಂಖ್ಯೆ, ಹಾಕಿದ ದಿನಾಂಕ, ಎರಡೂ ಅಂಕಿಗಳು ಮತ್ತು ಅವುಗಳನ್ನು ನೋಡಿದ ಸಮಯ. ಹಾಗಾಗಿ ನಾನು ಪೆಟ್ಟಿಗೆಯನ್ನು ಎಸೆಯುವುದಿಲ್ಲ, ಹೋಲಿಸಿದ ಪ್ರತಿ ಜೋಡಿ ಅಂಕಿಯನ್ನು ಸಮಯದ ಸಮೇತ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುತ್ತೇನೆ, ತೆಗೆದ ಸೆನ್ಸರನ್ನೂ ಅವರು ಬೇಡವೆನ್ನುವವರೆಗೆ ಒಂದು ಡಬ್ಬಿಯಲ್ಲಿ ಹಾಕಿಡುತ್ತೇನೆ. ಬದಲಿ ಸೆನ್ಸರ್ ಬಂದು, ಇನ್ನೊಂದು ತೋಳಿಗೆ ಹಾಕಿ, ಅದರ ಮೊದಲ ದಿನ ಕಳೆಯುವವರೆಗೆ ಊಟಕ್ಕೆ ಮುಂಚೆ, ಮಲಗುವ ಮುಂಚೆ ಮತ್ತು ಗಾಡಿ ಓಡಿಸುವ ಮುಂಚೆ ಬೆರಳು ಚುಚ್ಚಿಯೇ ನೋಡುತ್ತೇನೆ.