ಕಲರ್ ಡಾಡ್ಜ್ ಲೇಯರಿನಲ್ಲಿ ಬಣ್ಣದ ಬೆಳಕು

ಫೋಟೋಶಾಪಿನಲ್ಲಿ ಹೊಳೆಯುವ ಬಣ್ಣದ ಗೆರೆಗಳನ್ನು ಎಳೆಯಬೇಕೆನ್ನುವವರು ಮೊದಲು ಹುಡುಕುವುದು ‘ಗ್ಲೋ ಬ್ರಷ್’ ಎಂಬ ಹೆಸರಿನ ಸಿದ್ಧ ಬ್ರಷ್‌ಗಳನ್ನು. ಅಂಥವನ್ನು ಸಾಕಷ್ಟು ಬಳಸಿ ನೋಡಿದ ಮೇಲೂ, ಸಾಫ್ಟ್‌ವೇರಿನ ಜೊತೆಗೇ ಬರುವ ಮೆತ್ತನೆಯ ಅಂಚಿನ ದುಂಡು ಬ್ರಷ್ ಒಂದೇ ಈ ಕೆಲಸಕ್ಕೆ ಸಾಕೆಂಬುದು ನನ್ನ ಅಭಿಪ್ರಾಯ. ಗೆರೆ ಬೆಳಕಾಗಿ ಕಾಣುವುದೋ ಬರಿಯ ಬಣ್ಣವಾಗಿ ಉಳಿಯುವುದೋ ಎಂಬುದು ನಿರ್ಧಾರವಾಗುವುದು ಅದರ ಕೆಳಗಿನ ಹಿನ್ನೆಲೆಯಿಂದ ಮತ್ತು ಲೇಯರಿನ (ಚಿತ್ರದ ಮೇಲೆ ಹಾಸುವ ಪದರದ) ಬ್ಲೆಂಡಿಂಗ್ ಮೋಡ್‌ನಿಂದ, ಅಂದರೆ ಆ ಪದರ ಕೆಳಗಿನ ಬಣ್ಣದೊಡನೆ ಬೆರೆಯುವ ರೀತಿಯಿಂದ.

ನಾನು ಹೆಚ್ಚಾಗಿ ಬಳಸುವುದು ಕಲರ್ ಡಾಡ್ಜ್ ಮೋಡನ್ನು. ಇದು ಕೆಳಗಿನ ಬಣ್ಣವನ್ನು ಮೇಲಿನ ಬಣ್ಣದ ‘ಉಳಿಕೆ’ಯಿಂದ, ಅಂದರೆ 0ಯಿಂದ 255ರವರೆಗಿನ ಬಣ್ಣದ ಅಳತೆಯನ್ನು 1ಕ್ಕೆ ಇಳಿಸಿ, 1ರಿಂದ ಮೇಲಿನ ಬಣ್ಣವನ್ನು ಕಳೆದಾಗ ಉಳಿಯುವುದರಿಂದ, ಭಾಗಿಸುತ್ತದೆ. ಉದಾಹರಣೆಗೆ, ಹಿನ್ನೆಲೆಯಲ್ಲಿ ಕೆಂಪು 40, ಹಸಿರು 10, ನೀಲಿ 80 ಇರುವ ಕಡು ನೇರಳೆಯಿದೆ ಎಂದುಕೊಳ್ಳೋಣ. ಅದರ ಮೇಲೆ 153ರ ಬೂದು ಬಣ್ಣ ಬಿದ್ದರೆ, 153 ಎಂಬುದು 255ರ ಶೇಕಡಾ 60 ಆಗಿರುವುದರಿಂದ ಭಾಜಕ 0.4 ಆಗುತ್ತದೆ, ಫಲಿತಾಂಶ 100, 25, 200, ಅಂದರೆ ಅದೇ ನೇರಳೆಯ ಪ್ರಜ್ವಲಿಸುವ ರೂಪ. ಹಿನ್ನೆಲೆ ಪೂರ್ತಿ ಕಪ್ಪಾಗಿದ್ದರೆ ಮಾತ್ರ ಸೊನ್ನೆಯನ್ನು ಎಷ್ಟರಿಂದ ಭಾಗಿಸಿದರೂ ಸೊನ್ನೆಯೇ ಆಗುವುದರಿಂದ ಏನೂ ಕಾಣಿಸುವುದಿಲ್ಲ. ಆದ್ದರಿಂದ ಕಪ್ಪಿನ ಬದಲು ಕಡು ನೀಲಿ ಅಥವಾ ಕಡು ನೇರಳೆಯನ್ನು ಆರಿಸಿಕೊಳ್ಳಬೇಕು.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಖಾಲಿ, ಪಾರದರ್ಶಕ ಲೇಯರಿಗೆ ಕಲರ್ ಡಾಡ್ಜ್ ಕೊಟ್ಟು ಅದರ ಮೇಲೆ ಶೇಕಡಾ 60 ಒಪ್ಯಾಸಿಟಿಯ (ಅಪಾರದರ್ಶಕತೆಯ) ಬಿಳಿ ಬ್ರಷ್ ಎಳೆದರೆ, ಹಿಂದೆ ಹೇಳಿದ ನೇರಳೆಯೇ 169, 157, 185 ಆಗಿ, ಸುಣ್ಣ ಬಳಿದಂತೆ ಮಂಕಾಗುತ್ತದೆ. ಇಲ್ಲಿ ಬಿಳಿಯ ಡಾಡ್ಜ್ ಮೊದಲು ಎಲ್ಲವನ್ನೂ 255ಕ್ಕೆ ಏರಿಸಿ, ಆನಂತರ ಪಾರದರ್ಶಕತೆ ಅದನ್ನು ಹಿನ್ನೆಲೆಯೊಡನೆ ಬೆರೆಸುತ್ತದೆ. ಇದನ್ನು ತಪ್ಪಿಸಲು ಲೇಯರನ್ನು ಪೂರ್ತಿ ಕಪ್ಪಿನಿಂದ ತುಂಬಿ ಕಲರ್ ಡಾಡ್ಜ್‌ಗೆ ಬದಲಿಸಬೇಕು. ಕಪ್ಪು ಈ ಮೋಡ್‌ನಲ್ಲಿ ಯಾವ ಪರಿಣಾಮವನ್ನೂ ಬೀರದು. ಕಪ್ಪು ತುಂಬಲು ಇಷ್ಟವಿಲ್ಲದವರು ಬ್ಲೆಂಡಿಂಗ್ ಆಪ್ಷನ್ಸ್‌ನಲ್ಲಿ ‘ಟ್ರಾನ್ಸ್‌ಪರೆನ್ಸಿ ಶೇಪ್ಸ್ ಲೇಯರ್’ ಎಂಬಲ್ಲಿರುವ ಟಿಕ್ಕನ್ನು ತೆಗೆದರೂ ಸಾಕು. ನಂತರ ಫ್ಲೋ (ಬ್ರಷ್‌ನಿಂದ ಬಣ್ಣ ಇಳಿಯುವ ವೇಗ) ಶೇಕಡಾ 5ರಿಂದ 10ರೊಳಗಿಟ್ಟು, ಕಡುಗೆಂಪು, ಕಂದು, ಕಡುನೀಲಿಯಂಥ ಮಂದ ಬಣ್ಣಗಳನ್ನೇ ಪದರಪದರವಾಗಿ ಏರಿಸುತ್ತಾ ಹೋಗಬೇಕು. ಉಜ್ವಲ ಬಣ್ಣ ತೆಗೆದುಕೊಂಡರೆ ಎರಡೇ ಎಳೆತಕ್ಕೆ ನಡುಭಾಗವೆಲ್ಲ ಬಿಳಿಚಿಕೊಂಡು ವಿವರ ಉಳಿಯುವುದಿಲ್ಲ.

ನಿಯಾನ್ ಫಲಕದಂತೆ ಹೊಳೆಯುವ ಅಕ್ಷರಗಳಿಗೆ ಬೇರೆ ದಾರಿಯಿದೆ. ಟೈಪ್ ಮಾಡಿದ ಕನ್ನಡ ಪದವನ್ನು ವರ್ಕ್ ಪಾತ್ (ಬ್ರಷ್ ಹಾಯಿಸಬಹುದಾದ ಗೆರೆ) ಆಗಿ ಪರಿವರ್ತಿಸಿದರೆ ಸಿಗುವುದು ಅಕ್ಷರದ ಹೊರಗೆರೆ. ಅದಕ್ಕೆ ಬ್ರಷ್ ಹಾಯಿಸಿದಾಗ ಒಂದು ಕೊಳವೆಯ ಜಾಗದಲ್ಲಿ ಎರಡು ಕೊಳವೆಗಳು ಕಾಣುತ್ತವೆ, ಒತ್ತಕ್ಷರಗಳಂತೂ ಓದಲಾಗದಷ್ಟು ಗಿಜಿಗುಡುತ್ತವೆ. ಆದ್ದರಿಂದ ಅಕ್ಷರದ ನಡುವೆ ಪೆನ್ ಟೂಲ್‌ನಿಂದ ಒಂದೇ ಗೆರೆ ಎಳೆದು, ಅದಕ್ಕೆ ಸ್ಟ್ರೋಕ್ ಪಾತ್ (ಗೆರೆಯುದ್ದಕ್ಕೂ ಬ್ರಷ್ ಹಾಯಿಸುವ ಆಜ್ಞೆ) ಕೊಡುವುದು ಲೇಸು. ಮೊದಲು ಅಗಲವಾದ, ಮೆತ್ತನೆಯ ಬಣ್ಣದ ಬ್ರಷ್, ಅದರ ಮೇಲಿನ ಲೇಯರಿನಲ್ಲಿ ಸಣ್ಣ, ಗಟ್ಟಿ ಅಂಚಿನ, ಬಹುತೇಕ ಬಿಳಿಯಾದ ಬ್ರಷ್. ಉರಿಯುವ ಕೊಳವೆ ಫೋಟೋದಲ್ಲಿ ಹಾಗೆಯೇ ಕಾಣುತ್ತದೆ: ನಡುವೆ ಬಿಳಿ, ಬಣ್ಣವೆಲ್ಲ ಸುತ್ತಲಿನ ಪ್ರಭೆಯಲ್ಲಿ. ‘ಸಿಮ್ಯುಲೇಟ್ ಪ್ರೆಷರ್’ ಆಯ್ಕೆ ಗೆರೆಯ ತುದಿಗಳನ್ನು ಚೂಪಾಗಿಸುವುದರಿಂದ ಅದು ಬೆಳಕಿನ ಬಾಲಗಳಿಗೆ ಒಪ್ಪುತ್ತದೆ, ಕೊಳವೆಗೆ ಒಪ್ಪುವುದಿಲ್ಲ.

ಕಿಡಿಗಳು ಬೇಕಿದ್ದವರು ಬ್ರಷ್ ಸೆಟ್ಟಿಂಗ್ಸ್‌ನಲ್ಲಿ ಸ್ಪೇಸಿಂಗ್ (ಚುಕ್ಕಿಗಳ ಅಂತರ), ಸೈಜ್ ಜಿಟರ್ (ಗಾತ್ರದ ಏರುಪೇರು), ಸ್ಕ್ಯಾಟರಿಂಗ್ (ಚದುರುವಿಕೆ)ಗಳನ್ನು ಹೆಚ್ಚಿಸಿದರಾಯಿತು. ಹ್ಯೂ ಜಿಟರನ್ನು (ಬಣ್ಣದ ಏರುಪೇರನ್ನು) ಮಾತ್ರ ತೀರಾ ಕಡಿಮೆ ಇಡಬೇಕು, ಇಲ್ಲದಿದ್ದರೆ ಚಿತ್ರ ಜಾತ್ರೆಯ ಸೀರಿಯಲ್ ಲೈಟಿನಂತಾಗುತ್ತದೆ. ಪ್ರಭೆಯ ಅಂಚಿನಲ್ಲಿ ಪಟ್ಟಿಪಟ್ಟಿಯಾಗಿ ಮೆಟ್ಟಿಲುಗಳು ಕಂಡರೆ ಕಡತ 8 ಬಿಟ್‌ನಲ್ಲಿದೆಯೇ (ಪ್ರತಿ ಬಣ್ಣಕ್ಕೆ 256 ಹಂತ ಮಾತ್ರ) ಎಂದು ನೋಡಬೇಕು. ಆರಂಭದಲ್ಲೇ 16 ಬಿಟ್‌ಗೆ ಬದಲಿಸಿಕೊಂಡಿದ್ದರೆ ಈ ತೊಂದರೆ ಬಹಳಮಟ್ಟಿಗೆ ತಪ್ಪುತ್ತದೆ.

ಮುದ್ರಣಕ್ಕೆ ಹೋಗುವ ಕೆಲಸವಾದರೆ ಲೆಕ್ಕವೇ ಬೇರೆ. ಪರದೆಯ ಕಡುನೀಲಿ, ಮಿಂಚುಗುಲಾಬಿ, ಗಿಳಿಹಸಿರುಗಳು ಸಿಎಂವೈಕೆ (ಮುದ್ರಣದ ಸಯಾನ್, ಮೆಜೆಂಟಾ, ಹಳದಿ, ಕಪ್ಪು) ಶಾಯಿಗಳ ವ್ಯಾಪ್ತಿಯ ಹೊರಗಿರುವುದರಿಂದ ಕಾಗದದ ಮೇಲೆ ಮಂಕಾಗುತ್ತವೆ. ಚಿತ್ರ ಮುಗಿದ ಮೇಲೆ ಕಡತದ ಬಣ್ಣದ ಮೋಡನ್ನು ಸಿಎಂವೈಕೆಗೆ ಬದಲಿಸಿ ಪೇಚಾಡುವುದಕ್ಕಿಂತ, ಬಣ್ಣ ಆರಿಸುವಾಗಲೇ ಕಂಟ್ರೋಲ್ ಮತ್ತು ವೈ ಕೀಲಿಗಳನ್ನು ಒತ್ತಿ ಪ್ರೂಫ್ ನೋಟದಲ್ಲಿ (ಮುದ್ರಣದ ಬಣ್ಣವನ್ನು ಪರದೆಯಲ್ಲೇ ಅಂದಾಜಾಗಿ ತೋರಿಸುವ ನೋಟ) ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮುದ್ರಣದಲ್ಲಿ ಕಿತ್ತಳೆ, ಹಳದಿಗಳ ಪ್ರಭೆ ನೀಲಿಗಿಂತ ಚೆನ್ನಾಗಿ ನಿಲ್ಲುತ್ತದೆ.