ಅಮ್ಮನ ಹೆಬ್ಬೆಟ್ಟು

ಇವತ್ತು ರೇಷನ್ ಅಂಗಡಿಯಲ್ಲಿ ನಾಲ್ಕು ಸಲ ಒತ್ತಿದರೂ ಅಮ್ಮನ ಹೆಬ್ಬೆಟ್ಟು ಮಷೀನಿಗೆ ಹಿಡಿಸಲಿಲ್ಲ. ಅಡಿಕೆ ಸುಲಿದೂ ಸುಲಿದೂ ಗೆರೆಗಳೇ ಸವೆದಿವೆ. ಸೆರಗಿಗೆ ಒರೆಸಿ ಒರೆಸಿ ಇಟ್ಟಳು. ಕೊನೆಗೆ ನಡುಬೆರಳು ಕೈ ಹಿಡಿಯಿತು.

ಸಾಲಲ್ಲಿ ನಿಂತಾಗ ಸುಮ್ನೆ ನೆನಪಾಗಿದ್ದು ಅಮೆರಿಕದ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಅನಿಲ್ ಜೈನ್ ಅವರ ಲ್ಯಾಬ್. ಅವರ ತಂಡ ಆಗ್ರಾದ ದಯಾಲ್‌ಬಾಗ್‌ನಲ್ಲಿ 309 ಮಕ್ಕಳ ಬೆರಳಚ್ಚು ತೆಗೆದಿತ್ತು. ಕೂಸಿನ ಬೆರಳಲ್ಲಿ ಗೆರೆಗಳು ತೀರಾ ಒತ್ತೊತ್ತು. ಮಾಮೂಲಿ ಮಷೀನು ಇಂಚಿಗೆ 500 ಚುಕ್ಕೆ ಓದಿದರೆ, ಇವರದು 1270. ಆರು ತಿಂಗಳ ಕೂಸನ್ನೂ ಒಂದು ವರ್ಷದ ನಂತರ ಗುರುತು ಹಿಡಿಯಬಹುದಂತೆ! (ಅಳುವ ಕೂಸಿನ ಮುಷ್ಟಿ ಬಿಡಿಸಿದವರಿಗೆ ಮೊದಲು ನಮಸ್ಕಾರ.)

ಅಮ್ಮನಿಗೆ ಹೇಳಿದೆ. "ಅವಕ್ಕೇನು, ಇನ್ನೂ ಪಾತ್ರೆ ತಿಕ್ಕಿಲ್ವಲ್ಲ" ಅಂದಳು.