ಕಾಲುಸಂಕದಿಂದ ಬಿದ್ದವರ ಲೆಕ್ಕ

ಜೂನ್, ಎರಡನೇ ವಾರ

'ಕೌಲೆ ಬಂದಿಲ್ಲ' ಈಗ ಆರು ಪರದೆಗಳಷ್ಟಾಗಿದೆ: ಜಗಲಿ, ಬಚ್ಚಲು, ಕೊಟ್ಟಿಗೆ, ತೋಟ, ಹಳ್ಳ, ಹಳ್ಳದಾಚೆಯ ಕಾಡು. ಇದು ನಾನು ರಾತ್ರಿ ಊಟವಾದ ಮೇಲೆ ಒಬ್ಬನೇ ಕುಳಿತು ಕಟ್ಟುತ್ತಿರುವ ಸಾಹಸದ ಕಂಪ್ಯೂಟರ್ ಆಟ. ಮಲೆನಾಡಿನ ಒಂದು ಮನೆ, ಆಷಾಢದ ಸಂಜೆ, ಮೇಯಲು ಹೋದ ಹಸು ಮರಳಿಲ್ಲ. ಹುಡುಕಿ ತರಬೇಕು, ಅಷ್ಟೇ ಕಥೆ. ಕನ್ನಡ ಅಕ್ಷರಗಳೊಂದಿಗಿನ ಜಗಳ ಒಂದು ಬಗೆಯಲ್ಲಿ ಮುಗಿದಿದೆ. ಒತ್ತಕ್ಷರಗಳು ಅಡಿಯಲ್ಲಿ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದುದರಿಂದ ಪ್ರತಿ ಮಾತನ್ನೂ ಚಿತ್ರವಾಗಿಯೇ ಸೇರಿಸಿದ್ದೇನೆ. ಒಂದು ಕೊಂಬು ತಿದ್ದಬೇಕೆಂದರೂ ಚಿತ್ರವನ್ನೇ ಮತ್ತೆ ಮಾಡಬೇಕು. ಇರಲಿ.

ಈ ವಾರದ ತಲೆನೋವು ಹಳ್ಳದ ಮೇಲಿನ ಕಾಲುಸಂಕ. ಎರಡು ಅಡಿಕೆ ಮರ ಜೋಡಿಸಿದ ಸಂಕ, ಮೇಲೆ ಪಾಚಿ. ಅವಸರದಿಂದ ಮೌಸ್ ಎರಡು ಸಲ ಒತ್ತಿದರೆ ಆಟದ ಹುಡುಗ ಓಡುತ್ತಾನೆ, ಓಡಿದರೆ ಜಾರುತ್ತಾನೆ. ಪರದೆ ಕಪ್ಪಾಗಿ ಒಂದೇ ಸಾಲು ಬರುತ್ತದೆ: "ಹಳ್ಳ ಬಂದಿತ್ತು. ನೀನು ಹೋದೆ." ಬರೆದ ರಾತ್ರಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಭಾನುವಾರ ಅಮ್ಮನಿಗೆ ಆಡಲು ಕೊಟ್ಟೆ. ಇಪ್ಪತ್ತೈದು ನಿಮಿಷ ಎಲ್ಲವನ್ನೂ ಮುಟ್ಟಿ ನೋಡಿಕೊಂಡು ಹಳ್ಳದವರೆಗೆ ಬಂದಳು, ಬಿದ್ದಳು. ಸೇವ್ ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

"ಮತ್ತೆ ಮೊದಲಿನಿಂದಲೋ?"

ಹೌದು ಎಂದೆ. ಕನ್ನಡಕ ತೆಗೆದಿಟ್ಟು ಎದ್ದಳು. ಹೋಗುತ್ತಾ, "ಬಂದ ಹಳ್ಳವನ್ನು ಕಣ್ಣಾರೆ ಕಂಡೂ ಸಂಕದ ಮೇಲೆ ಓಡುವ ಹುಡುಗ ಯಾವ ಊರಿನವನು? ಕೈಗೆ ಹಿಡಿಯಲು ಒಂದು ದಬ್ಬೆಯನ್ನಾದರೂ ಕಟ್ಟಬಾರದಿತ್ತೇ?" ಎಂದಳು. ಸತ್ತದ್ದಕ್ಕೆ ಅವಳಿಗೆ ಬೇಸರವಾದಂತೆ ಕಾಣಲಿಲ್ಲ. ಹುಡುಗನನ್ನು ದಡ್ಡನನ್ನಾಗಿ ಮಾಡಿದ್ದೇನೆ ಎಂಬುದು ಅವಳ ತಕರಾರು.

ಜೂನ್, ಕೊನೆಯ ವಾರ

ಆಟ ಕಟ್ಟುವ ಕೆಲಸ ನಿಂತಿದೆ. ಅದರ ಬದಲು 1990ರ ಎರಡು ಆಟಗಳನ್ನು, ಹಳೆಯ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶವಾದ ಸ್ಕಮ್‌ವಿಎಂನಲ್ಲಿ ಹಾಕಿಕೊಂಡು, ಎಲ್ಲೆಲ್ಲಿ ಸತ್ತೆ, ಎಲ್ಲೆಲ್ಲಿ ಸಿಟ್ಟು ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟಿನ ಪುಟವೂ ಸಾವಿನ ಪುಟವೂ ಹೊಂದುವುದೇ ಇಲ್ಲ.

ಒಂದು ಆಟ, ರಾಬರ್ಟಾ ವಿಲಿಯಮ್ಸ್ ರೂಪಿಸಿದ ಕಿಂಗ್ಸ್ ಕ್ವೆಸ್ಟ್ ಸರಣಿಯ ಐದನೆಯದು. ಗ್ರಹಾಮ್ ದೊರೆ ಮರುಭೂಮಿಯಲ್ಲಿ ನೀರಿಲ್ಲದೆ ನಾಲ್ಕು ಹೆಜ್ಜೆ ಹೆಚ್ಚು ಇಟ್ಟರೆ ಬಾಯಾರಿ ಸಾಯುತ್ತಾನೆ. ಅಲ್ಲಿ ನಾನು ಒಂಬತ್ತು ಸಲ ಸತ್ತೆ. ಸಿಟ್ಟಿನ ಪುಟದಲ್ಲಿ ಅದರ ಸುದ್ದಿಯೇ ಇಲ್ಲ, ಏಕೆಂದರೆ ಓಯಸಿಸ್ ಎಲ್ಲಿದೆ ಎಂದು ಪ್ರತಿ ಸಲವೂ ಒಂದಿಷ್ಟು ಹೆಚ್ಚು ತಿಳಿಯುತ್ತಿತ್ತು. ಪುಟ ತುಂಬಿಸಿದ್ದು ಒಂದು ಕಸ್ಟರ್ಡ್ ಪೈ. ಅದನ್ನು ಬೇಕರಿಯಲ್ಲಿ ಕೊಂಡುಕೊಳ್ಳಬೇಕು. ಹಿಮದ ಬೆಟ್ಟದಲ್ಲಿ ಎದುರಾಗುವ ಯೇತಿಯ ಮುಖಕ್ಕೆ ಎಸೆಯಲು ಅದೊಂದೇ ಆಯುಧ. ಆದರೆ ನಡುವೆ ಯಾವಾಗ ಬೇಕಾದರೂ ಅದನ್ನು ತಿಂದುಬಿಡಬಹುದು. ತಿಂಡಿಯನ್ನು ತಿನ್ನದೆ ಇನ್ನೇನು ಮಾಡುತ್ತಾರೆ? ಬೇಕರಿಯ ಮುಂದೆ ಬೆಕ್ಕು ಅಟ್ಟಿಸಿಕೊಂಡು ಬರುವ ಇಲಿಯದೂ ಅದೇ ಕಥೆ. ಆ ಕ್ಷಣದಲ್ಲಿ ಹಳೆಯ ಬೂಟನ್ನೋ ಕೋಲನ್ನೋ ಎಸೆದು ಅದನ್ನು ಉಳಿಸದಿದ್ದರೆ, ಮುಂದೆ ಛತ್ರದ ನೆಲಮಾಳಿಗೆಯಲ್ಲಿ ಕೈಕಾಲು ಕಟ್ಟಿ ಬಿಸಾಡಿದಾಗ ಹಗ್ಗ ಕಡಿಯಲು ಯಾರೂ ಬರುವುದಿಲ್ಲ. ದೊರೆ ಸತ್ತು ಎಷ್ಟೋ ಹೊತ್ತಾಗಿದೆ, ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇಬ್ಬರೂ ಆಡುತ್ತಲೇ ಇದ್ದೇವೆ.

ಇನ್ನೊಂದು ಆಟ ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್. ಅದನ್ನು ಮಾಡಿದ ರಾನ್ ಗಿಲ್ಬರ್ಟ್ ಹಿಂದಿನ ವರ್ಷವೇ, 1989ರಲ್ಲಿ, ಸಾಹಸದ ಆಟಗಳು ಎಲ್ಲಿ ಕೆಡುತ್ತವೆ ಎಂದು ಒಂದು ಲೇಖನ ಬರೆದಿದ್ದ. ಎಚ್ಚರದಿಂದ, ಕಣ್ಣಿಟ್ಟು ನೋಡುತ್ತಾ ಆಡುವವನು ಸಾಯದೆ, ಸೇವ್ ಮಾಡದೆ ಕೊನೆ ಮುಟ್ಟುವಂತಿರಬೇಕು ಎಂಬುದು ಅದರಲ್ಲಿನ ಒಂದು ನಿಯಮ. ಹಾಗೆಂದು ಸಾವನ್ನು ಅವನು ಪೂರ್ತಿ ಬಿಟ್ಟಿಲ್ಲ. ನಾಯಕ ಗೈಬ್ರಷ್‌ನನ್ನು ಭಾರದ ವಿಗ್ರಹಕ್ಕೆ ಕಟ್ಟಿ ಸಮುದ್ರಕ್ಕೆ ಎಸೆಯುತ್ತಾರೆ. ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಎಂಬುದು ಅವನ ಹೆಗ್ಗಳಿಕೆ. ಸುತ್ತ ಬಿದ್ದಿರುವ ಹರಿತವಾದ ವಸ್ತುಗಳಲ್ಲಿ ಒಂದೂ ಕೈಗೆಟುಕುವುದಿಲ್ಲ. ವಿಗ್ರಹವನ್ನೇ ಎತ್ತಿ ಜೇಬಿಗೆ ಹಾಕಿಕೊಂಡು ನಡೆದುಬಿಡುವುದು ಉಪಾಯ. ನಾನು ಬೇಕೆಂದೇ ಸುಮ್ಮನೆ ಕುಳಿತೆ, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು. ಹತ್ತು ನಿಮಿಷಕ್ಕೆ ಸರಿಯಾಗಿ ಸತ್ತ. ಕೆಳಗೆ 'ತೆರೆ', 'ಎತ್ತು' ಎಂಬ ಕ್ರಿಯಾಪದಗಳಿದ್ದ ಜಾಗದಲ್ಲಿ 'ತೇಲು', 'ಉಬ್ಬು', 'ಕೊಳೆ' ಎಂಬಂಥವು ಬಂದು ಕುಳಿತವು. ಸಾಯಲು ಇಷ್ಟು ಶ್ರಮಪಟ್ಟದ್ದು ಇದೇ ಮೊದಲು.

ಜುಲೈ, ಎರಡನೇ ವಾರ

ಸಂಕದ ಸಾವನ್ನು ತೆಗೆದೆ. ಬಿದ್ದರೆ ದೊಪ್ಪೆಂಬ ಸದ್ದು, ಆಮೇಲೆ ಹುಡುಗ ಇದೇ ದಡದಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿರುತ್ತಾನೆ. ಒಂದು ಬದಿಗೆ ದಬ್ಬೆಯನ್ನೂ ಕಟ್ಟಿದೆ.

ಅಮ್ಮ ಈ ಸಲ ನಿರಾಳವಾಗಿ ಆಡಿದಳು. ಕರುವಿಗೆ ಹುಲ್ಲು ಹಾಕುವುದರಲ್ಲೇ ಎಷ್ಟೋ ಹೊತ್ತು ಕಳೆದಳು; ಕಥೆಗೆ ಅದರ ಅಗತ್ಯವೇ ಇಲ್ಲ. ಅಕ್ಕನ ಮಗ, ಹತ್ತನೇ ತರಗತಿಯವನು, ಮುಖ ಸಿಂಡರಿಸಿದ. ಹಳೆಯ ಆವೃತ್ತಿಯಲ್ಲಿ ಬೇರೆ ಬೇರೆ ಸಾಲು ಬರಬಹುದೇ ಎಂದು ಅವನು ಬೇಕೆಂದೇ ಹನ್ನೊಂದು ಸಲ ಬಿದ್ದಿದ್ದ.

"ಮಾವ, ಈಗ ಬಿದ್ದರೂ ಏನೂ ಆಗುವುದಿಲ್ಲವಲ್ಲ."

ಅವನು ಹೇಳಿದ್ದರಲ್ಲಿ ಹುರುಳಿದೆ. ಮೊದಲು ಸಂಕದ ಪರದೆ ಬಂದಾಗ ಇಬ್ಬರ ಬೆರಳೂ ಮೌಸಿನ ಮೇಲೆ ಒಂದು ಗಳಿಗೆ ತಡೆಯುತ್ತಿತ್ತು. ಆ ಒಂದು ಗಳಿಗೆಗಾಗಿಯೇ ಹಳ್ಳದ ಸದ್ದನ್ನು ಮೂರು ರಾತ್ರಿ ಕುಳಿತು ಹೊಂದಿಸಿದ್ದೆ. ಈಗ ಯಾರೂ ತಡೆಯುವುದಿಲ್ಲ.

ಜುಲೈ, ಕೊನೆಯ ವಾರ

ಬಿದ್ದದ್ದಕ್ಕೆ ಏನಾದರೂ ಆಗಬೇಕಲ್ಲ ಎಂದು ಒಂದು ಸಣ್ಣ ಸೇರ್ಪಡೆ ಮಾಡಿದೆ: ನೀರಿಗೆ ಬಿದ್ದರೆ ಜೇಬಿನ ಬೆಂಕಿಪೊಟ್ಟಣ ತೊಯ್ಯುತ್ತದೆ. ಒಂದೇ ಸಾಲಿನ ಕೋಡ್. ಅಕ್ಕನ ಮಗನನ್ನು ಕೂರಿಸಿದೆ, ನಾನು ಹಿಂದೆ ಕುಳಿತೆ. ಆಡುವವರಿಗೆ ಏನೂ ಹೇಳಬಾರದೆಂಬುದು ನಾನೇ ಮಾಡಿಕೊಂಡ ಕಟ್ಟಳೆ.

ಅವನು ಶುರುವಿನಲ್ಲೇ ಒಮ್ಮೆ ಬಿದ್ದ, ನಕ್ಕ, ಮುಂದೆ ಹೋದ. ದಾಟಿ ಕಾಡಿನ ಅಂಚಿಗೆ ಬಂದ. ಕತ್ತಲೆ. ಕೌಲೆಯ ಕೊರಳ ಗಂಟೆ ಕೇಳುತ್ತಿದೆ, ದಾರಿ ಕಾಣುವುದಿಲ್ಲ. ಲಾಟೀನು ಕೈಯಲ್ಲಿದೆ, ಕಡ್ಡಿ ಹೊತ್ತುವುದಿಲ್ಲ. ವಾಪಸು ಬಂದು ಮನೆಯೆಲ್ಲ ತಡಕಿದ. ನಲವತ್ತು ನಿಮಿಷವಾದ ಮೇಲೆ ನನಗೇ ಬೆವರಿತು: ಇಡೀ ಆಟದಲ್ಲಿ ಇನ್ನೊಂದು ಬೆಂಕಿಪೊಟ್ಟಣವನ್ನು ನಾನು ಇಟ್ಟೇ ಇರಲಿಲ್ಲ. ಒಂದು ತಿಂಗಳು ಆ ಪೈಯನ್ನು ಬೈದು, ಕೊನೆಗೆ ಒಂದು ಪೈ ಬೇಯಿಸಿ ಹುಡುಗನ ಜೇಬಿಗೆ ಇಟ್ಟವನು ನಾನೇ.

ಕಟ್ಟಳೆ ಮುರಿದು ನಿಜ ಹೇಳಿದೆ. ಅವನು ಕುರ್ಚಿಯಿಂದ ಎದ್ದ ರೀತಿಯನ್ನು ಇಲ್ಲಿ ಬರೆಯಲಾರೆ.

ಅಡುಗೆಮನೆಯಿಂದ ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. "ಬಚ್ಚಲ ಒಲೆಯಲ್ಲಿ ಕೆಂಡ ಇಲ್ಲವೇನೋ? ಮಳೆಗಾಲದಲ್ಲಿ ಆ ಒಲೆ ಆರುವುದುಂಟೇ?"

ಬಚ್ಚಲಿನ ಪರದೆಯನ್ನು ಬರೆದವನು ನಾನು. ಒಲೆಯಲ್ಲಿ ಕೆಂಪು ಚುಕ್ಕೆಗಳನ್ನು ಇಟ್ಟವನೂ ನಾನೇ, ಅಂದಕ್ಕೆಂದು.

ಆಗಸ್ಟ್, ಎರಡನೇ ವಾರ

ಈಗ ಕಡ್ಡಿ ತೊಯ್ದರೆ ಬಚ್ಚಲಿಗೆ ಹೋಗಿ ಒಣ ತೆಂಗಿನ ಗರಿಯನ್ನು ಕೆಂಡಕ್ಕೆ ಹಿಡಿದು ಲಾಟೀನು ಹಚ್ಚಬಹುದು. ಮತ್ತೆ ಓಡಿ ಬಿದ್ದರೆ ಲಾಟೀನು ಆರುತ್ತದೆ, ಮತ್ತೆ ಬಚ್ಚಲಿಗೆ. ನಾಲ್ಕು ಪರದೆ ಹಿಂದಕ್ಕೆ, ನಾಲ್ಕು ಪರದೆ ಮುಂದಕ್ಕೆ. ಅಳೆದು ನೋಡಿದೆ, ಒಂದೂವರೆ ನಿಮಿಷ. ಬೀಳುವುದರ ಬೆಲೆ ಸದ್ಯಕ್ಕೆ ಅಷ್ಟು. ಮೂರು ನಿಮಿಷವಾಗಿದ್ದರೆ ಅಮ್ಮ ಎದ್ದುಹೋಗುತ್ತಿದ್ದಳು ಎಂಬುದು ನನ್ನ ಅಂದಾಜು. ಅಕ್ಕನ ಮಗ ಕೇಳಿದ್ದಕ್ಕೆ, ಬಿದ್ದಾಗ ಬರುವ ಸಾಲುಗಳನ್ನು ಐದಕ್ಕೆ ಏರಿಸಿದ್ದೇನೆ. ಐದು ಸಾಲು ಎಂದರೆ ಐದು ಚಿತ್ರ, ಇರಲಿ.

ಸಂಕದ ಮುಂದೆ ಅಮ್ಮನ ಬೆರಳು ಮತ್ತೆ ತಡೆಯಿತು. ಲಾಟೀನು ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ದಾಟಿದಳು, ಕಾಡಿನೊಳಗೆ ಹೋದಳು, ಹಸುವನ್ನು ಕಂಡಳು.

"ಇದು ಬಿಳಿಯ ಹಸು. ಕೌಲೆ ಎಂದು ಹೆಸರಿಟ್ಟ ಮೇಲೆ ಕಂದು ಬಣ್ಣ ಇರಬೇಡವೇ?"

ಈ ವಾರ ಹಸುವಿಗೆ ಬಣ್ಣ ಹಚ್ಚುತ್ತಿದ್ದೇನೆ. ಹದಿನಾಲ್ಕು ಚಿತ್ರಗಳಿವೆ, ಬಾಲ ಬೀಸುವುದೂ ಸೇರಿ.